ಹೈದರಾಲಿ

ಹೈದರಾಲಿ (ಸುಮಾರು 1720 – 7 ಡಿಸೆಂಬರ್ 1782) ಹದಿನೆಂಟನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಸೇನಾನಾಯಕನಾಗಿದ್ದು, 1761ರಿಂದ ಮರಣದವರೆಗೆ ರಾಜ್ಯದ ಆಡಳಿತವನ್ನು ವಾಸ್ತವವಾಗಿ ನಡೆಸಿದವನು. ಟಿಪ್ಪು ಸುಲ್ತಾನನ ತಂದೆ. ಒಡೆಯರ್ ಮನೆತನದ ಅರಸರನ್ನು ಸಿಂಹಾಸನದಿಂದ ಇಳಿಸದೆ, ಅವರ ಹೆಸರಿನಲ್ಲಿಯೇ ಆಳಿದ ಈತನು ಮರಾಠರು, ಹೈದರಾಬಾದಿನ ನಿಜಾಮ ಮತ್ತು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಎಂಬ ಮೂರು ಶಕ್ತಿಗಳ ನಡುವೆ ಮೈಸೂರನ್ನು ದಕ್ಷಿಣ ಭಾರತದ ಪ್ರಬಲ ರಾಜ್ಯವನ್ನಾಗಿ ಮಾಡಿದನು. ಯುರೋಪಿನಲ್ಲಿ ಅವನ ಹೆಸರಿನಡಿ ಅಚ್ಚಾದ ಸೈನಿಕ ಭಾವಚಿತ್ರಗಳು ಹಲವು. ಆದರೆ ಅವುಗಳಲ್ಲಿ ಕಾಣುವ ವ್ಯಕ್ತಿ ನಿಜವಾಗಿ ಹೈದರಾಲಿಯೇ ಎಂಬುದು ಅನುಮಾನಾಸ್ಪದವಾಗಿದೆ. ಅವನನ್ನು ಕಣ್ಣಾರೆ ಕಂಡವರ ವರ್ಣನೆಗೂ ಈ ಚಿತ್ರಗಳಿಗೂ ಹೊಂದಾಣಿಕೆಯಿಲ್ಲ.

ಜನನ ಮತ್ತು ಆರಂಭದ ದಿನಗಳು

ಹೈದರಾಲಿಯು ಇಂದಿನ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಜನಿಸಿದನು. ಜನನದ ವರ್ಷವನ್ನು ಇತಿಹಾಸಕಾರರು 1717ರಿಂದ 1722ರವರೆಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ತಂದೆ ಫತೇ ಮಹಮ್ಮದ್ ಸಿರಾ ನವಾಬನ ಸೇವೆಯಲ್ಲಿದ್ದ ಸೈನಿಕ ಅಧಿಕಾರಿ; ಯುದ್ಧವೊಂದರಲ್ಲಿ ಮಡಿದಾಗ ಹೈದರನಿನ್ನೂ ಬಾಲಕ. ಸಾಲಗಾರರ ಮತ್ತು ಅಧಿಕಾರಿಗಳ ಕಾಟಕ್ಕೆ ಸಿಕ್ಕ ಕುಟುಂಬವು ಬಂಧುವೊಬ್ಬನ ಆಶ್ರಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ಅಣ್ಣ ಶಾಬಾಜ್ ಮೈಸೂರಿನ ಸೈನ್ಯವನ್ನು ಸೇರಿದನು. ಹೈದರಾಲಿಯು ಓದುಬರಹ ಕಲಿಯಲಿಲ್ಲ. ಕಾಗದಪತ್ರಗಳಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ, ಅದನ್ನೂ ತಲೆಕೆಳಗಾಗಿ, ಗೀಚುತ್ತಿದ್ದನೆಂದು ಹೇಳುತ್ತಾರೆ. ಆದರೆ ಕನ್ನಡ, ಉರ್ದು, ತೆಲುಗು, ತಮಿಳು ಮತ್ತು ಮರಾಠಿ ಭಾಷೆಗಳಲ್ಲಿ ಸರಾಗವಾಗಿ ಮಾತನಾಡಬಲ್ಲವನಾಗಿದ್ದನು. ಅವನ ನೆನಪಿನ ಶಕ್ತಿ ಅಸಾಧಾರಣವಾದುದಾಗಿತ್ತು. ಒಬ್ಬ ಗುಮಾಸ್ತ ಲೆಕ್ಕ ಓದುತ್ತಿರುವಾಗಲೇ ಇನ್ನೊಬ್ಬನಿಗೆ ಉತ್ತರ ಹೇಳಿಸುತ್ತ, ನಡುವೆ ಬೇಹುಗಾರರ ವರದಿಯನ್ನೂ ಕೇಳುತ್ತಿದ್ದ ಅವನ ದರ್ಬಾರಿನ ರೀತಿಯನ್ನು ಯುರೋಪಿನವರು ಬೆರಗಿನಿಂದ ದಾಖಲಿಸಿದ್ದಾರೆ.

1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರಾಲಿಯು ಮೊದಲ ಬಾರಿಗೆ ದಳವಾಯಿಗಳ ಗಮನ ಸೆಳೆದನು. ಆಗ ಅರಮನೆಯಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರ್ ಇದ್ದರೂ ಅಧಿಕಾರವೆಲ್ಲ ಕಳಲೆ ಮನೆತನದ ಸಹೋದರರ ಕೈಯಲ್ಲಿತ್ತು. ಅವರಲ್ಲಿ ನಂಜರಾಜಯ್ಯನು ಮೆಚ್ಚಿ 50 ಕುದುರೆ ಮತ್ತು 200 ಕಾಲಾಳುಗಳ ನಾಯಕತ್ವವನ್ನು ಹೈದರನಿಗೆ ಕೊಟ್ಟನು. ತಿರುಚಿನಾಪಳ್ಳಿಗಾಗಿ ಮೈಸೂರು ನಡೆಸಿದ ದೀರ್ಘ ಹಾಗೂ ವಿಫಲ ಹೋರಾಟದಲ್ಲಿ ರಾಜ್ಯದ ಬೊಕ್ಕಸ ಬರಿದಾಯಿತು. ಅದೇ ಹೋರಾಟದಲ್ಲಿ ಹೈದರಾಲಿ ಮಾತ್ರ ಬೆಳೆದನು. ಇಂಗ್ಲಿಷರ ಮತ್ತು ಫ್ರೆಂಚರ ಕವಾಯತು, ಬಂದೂಕು, ಫಿರಂಗಿಗಳ ಬಳಕೆಯನ್ನು ಹತ್ತಿರದಿಂದ ನೋಡಿ ಕಲಿತದ್ದು ಇಲ್ಲಿಯೇ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದಾಗ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಆಯುಧಶಾಲೆ ಸ್ಥಾಪಿಸಿದನು. ಗಾಯಗೊಂಡವರಿಗೆ ಸಿಗುವ ಭತ್ಯೆಯನ್ನು ಹೆಚ್ಚಿಸಿಕೊಳ್ಳಲು ಗಾಯವಿಲ್ಲದ ಸೈನಿಕರಿಗೂ ಪಟ್ಟಿ ಕಟ್ಟಿಸಿ ತಪಾಸಣೆಗೆ ನಿಲ್ಲಿಸಿದ ಪ್ರಸಂಗವನ್ನು ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ವಿವರಿಸಿದ್ದಾನೆ. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು. ಅವನ ಬರಹವನ್ನು ಓದುವಾಗ ಈ ಅಂಶ ಗಮನದಲ್ಲಿರಬೇಕು. ಆದರೂ ಹಳೆಯ ಅಧಿಕಾರಿಗಳಿಂದ ಕೇಳಿ ಬರೆದ ವಿವರಗಳು ಅವನಲ್ಲಿರುವಷ್ಟು ಬೇರೆಡೆ ದೊರೆಯುವುದಿಲ್ಲ.

ಖಂಡೇರಾವ್ ಪ್ರಕರಣ

ದಿಂಡಿಗಲ್ಲಿನ ಕಾಲದಿಂದ ಹೈದರಾಲಿಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದವನು ಖಂಡೇರಾವ್. ಸಂಬಳ ಸಿಗದೆ ದಂಗೆಯೆದ್ದ ಸೈನ್ಯವನ್ನು ಸಮಾಧಾನಪಡಿಸಿ, ನಂಜರಾಜಯ್ಯನನ್ನು 1759ರಲ್ಲಿ ಅಧಿಕಾರದಿಂದ ನಿವೃತ್ತಿಗೊಳಿಸುವಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. 1760ರಲ್ಲಿ ಅರಮನೆಯ ಬೆಂಬಲದಿಂದ ಖಂಡೇರಾವ್ ತನ್ನ ಯಜಮಾನನ ವಿರುದ್ಧವೇ ತಿರುಗಿಬಿದ್ದನು. ಸೈನ್ಯದ ಬಹುಭಾಗ ದೂರದಲ್ಲಿದ್ದ ಸಮಯ ನೋಡಿ ಶ್ರೀರಂಗಪಟ್ಟಣದ ಕೋಟೆಯಿಂದ ಹೈದರನ ಬಿಡಾರದ ಮೇಲೆ ಫಿರಂಗಿ ಹಾರಿಸಲಾಯಿತು. ಕುಟುಂಬವನ್ನು ಹಿಂದೆ ಬಿಟ್ಟು, ರಾತ್ರಿ ಕಾವೇರಿಯನ್ನು ದಾಟಿ ಅವನು ಬೆಂಗಳೂರಿಗೆ ಓಡಿಹೋದನು.

ಮುಂದೆ ನಂಜನಗೂಡಿನ ಬಳಿ ನಡೆದ ಕಾಳಗದಲ್ಲಿಯೂ ಹೈದರಾಲಿ ಸೋತನು. ಎಲ್ಲ ದಾರಿಯೂ ಮುಚ್ಚಿದಂತಾದಾಗ ಅವನು ಹೋದದ್ದು ತಾನೇ ಪದಚ್ಯುತಗೊಳಿಸಿದ್ದ ನಂಜರಾಜಯ್ಯನ ಬಳಿಗೆ. ಪಿರಿಯಾಪಟ್ಟಣ ಸೀಮೆಗೆ ಉತ್ತರದಲ್ಲಿ, ಕಾವೇರಿಯ ದಂಡೆಯ ಕೊಣನೂರಿನಲ್ಲಿ ನಂಜರಾಜಯ್ಯನು ನೆಲೆಸಿದ್ದನು. ಹೈದರಾಲಿಯು ಅವನ ಕಾಲಿಗೆ ಬಿದ್ದು, ಮಾಡಿದ್ದೆಲ್ಲ ತಪ್ಪಾಯಿತೆಂದು ಬೇಡಿಕೊಂಡನು. ಮುದಿ ದಳವಾಯಿ ಕರಗಿದನು. ತನ್ನ ಹೆಸರನ್ನೂ ಇದ್ದಷ್ಟು ಪಡೆಯನ್ನೂ ಕೊಟ್ಟನು. ಆ ಹೆಸರೇ ಹೈದರನಿಗೆ ಬೇಕಾಗಿತ್ತು. ಖಂಡೇರಾಯನ ಸೇನಾನಾಯಕರು ಅವನನ್ನು ಹಿಡಿದುಕೊಡಲು ಒಪ್ಪಿದ್ದಾರೆಂಬಂತೆ ನಂಜರಾಜಯ್ಯನ ಮುದ್ರೆಯಿದ್ದ ಪತ್ರಗಳನ್ನು ಸೃಷ್ಟಿಸಿ, ಅವು ಖಂಡೇರಾಯನ ಕೈಗೇ ಸಿಗುವಂತೆ ಮಾಡಲಾಯಿತು. ತನ್ನವರೇ ದ್ರೋಹ ಬಗೆದರೆಂದು ನಂಬಿದ ಖಂಡೇರಾವ್ ಸೈನ್ಯವನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಧಾವಿಸಿದನು. ನಾಯಕನಿಲ್ಲದ ಸೈನ್ಯ ಚದುರಿತು. 1761ರಲ್ಲಿ ರಾಜಧಾನಿ ಹೈದರಾಲಿಯ ವಶವಾಯಿತು.

ಖಂಡೇರಾಯನ ಪ್ರಾಣ ಉಳಿಸಬೇಕೆಂದು ಅರಮನೆಯ ಸ್ತ್ರೀಯರು ಕೇಳಿಕೊಂಡಾಗ, ಅವನನ್ನು ಗಿಳಿಯಂತೆ ಸಾಕುವುದಾಗಿ ಹೈದರಾಲಿಯು ಮಾತು ಕೊಟ್ಟನೆಂದೂ, ಅದರಂತೆಯೇ ಬೆಂಗಳೂರಿನಲ್ಲಿ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂದೂ ಪ್ರಸಿದ್ಧವಾದ ಕಥೆಯಿದೆ. ಕೊಣನೂರಿನಲ್ಲಿ ಕೊಟ್ಟ ಭರವಸೆಗಳೂ ಹೆಚ್ಚು ದಿನ ಉಳಿಯಲಿಲ್ಲ. ನಂಜರಾಜಯ್ಯನು ಕೊನೆಗಾಲವನ್ನು ಹೈದರನ ಸೆರೆಯಲ್ಲಿ ಕಳೆಯಬೇಕಾಯಿತು.

ರಾಜ್ಯವಿಸ್ತಾರ ಮತ್ತು ಅರಮನೆ

1763ರಲ್ಲಿ ಬಿದನೂರು ಕೋಟೆಯು ಹೈದರಾಲಿಯ ವಶವಾಗಿ, ರಾಣಿ ವೀರಮ್ಮಾಜಿಯ ಸೆರೆಯೊಂದಿಗೆ ಕೆಳದಿ ಅರಸರ ಆಳ್ವಿಕೆ ಕೊನೆಗೊಂಡಿತು. ಅಲ್ಲಿ ದೊರೆತ ಅಪಾರ ಸಂಪತ್ತೇ ತನ್ನ ಮುಂದಿನ ಏಳಿಗೆಗೆ ಕಾರಣವೆಂದು ಹೈದರಾಲಿ ತಿಳಿದಿದ್ದನು. ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟನು. ಇಂದಿನ ಹೊಸನಗರ ತಾಲ್ಲೂಕಿನ ನಗರ ಅದೇ. ಕರಾವಳಿ ಕೈಗೆ ಬಂದುದರಿಂದ ನೌಕಾಬಲ ಕಟ್ಟಲು ಅವಕಾಶವಾಯಿತು. 1766ರಲ್ಲಿ ಮಲಬಾರಿನ ದಂಡಯಾತ್ರೆ ನಡೆಯಿತು. ಅದೇ ವರ್ಷ ಇಮ್ಮಡಿ ಕೃಷ್ಣರಾಜ ಒಡೆಯರು ನಿಧನರಾದರು. ಅವರ ಬಳಿಕ ಪಟ್ಟಕ್ಕೆ ಬಂದ ನಂಜರಾಜ ಒಡೆಯರ್ 1770ರಲ್ಲಿ ಕೊಲೆಯಾದರು. ಬೆಟ್ಟದ ಚಾಮರಾಜ ಒಡೆಯರ್ 1776ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಹೈದರಾಲಿಯು ರಾಜಬಂಧುಗಳ ಮಕ್ಕಳನ್ನು ಕರೆಸಿ ಆಟಿಕೆ ತಿಂಡಿಗಳ ನಡುವೆ ಬಿಟ್ಟನೆಂದೂ, ಅವುಗಳಲ್ಲಿ ಕಠಾರಿಯನ್ನು ಎತ್ತಿಕೊಂಡ ಬಾಲಕನನ್ನೇ ಅರಸನನ್ನಾಗಿ ಆರಿಸಿದನೆಂದೂ ಹೇಳುತ್ತಾರೆ. ಆ ಬಾಲಕ ಖಾಸಾ ಚಾಮರಾಜ ಒಡೆಯರ್; ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ. ಪ್ರತಿ ವರ್ಷ ದಸರೆಯಲ್ಲಿ ಅರಸರನ್ನು ಸಿಂಹಾಸನದ ಮೇಲೆ ಕೂರಿಸಿ ಪ್ರಜೆಗಳಿಗೆ ದರ್ಶನ ಮಾಡಿಸುವ ಪದ್ಧತಿಯನ್ನು ಹೈದರಾಲಿ ತಪ್ಪಿಸಲಿಲ್ಲ.

ಯುದ್ಧಗಳು

ಇಂಗ್ಲಿಷರೊಡನೆ ಮೊದಲ ಯುದ್ಧ 1767ರಿಂದ 1769ರವರೆಗೆ ನಡೆಯಿತು. ಅದರ ಕೊನೆಯಲ್ಲಿ ಹೈದರಾಲಿಯು ಫಿರಂಗಿ ಸಾಮಾನುಗಳನ್ನೆಲ್ಲ ಹಿಂದೆ ಕಳುಹಿಸಿ, ಆಯ್ದ ಕುದುರೆಪಡೆಯೊಂದಿಗೆ ಮದರಾಸಿನ ಹೊಸ್ತಿಲಿಗೇ ಬಂದು ನಿಂತನು. 1769ರ ಏಪ್ರಿಲಿನ ಮದರಾಸು ಒಪ್ಪಂದದಂತೆ ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸಬೇಕಾಗಿತ್ತು. ಯಾರಾದರೂ ದಾಳಿ ಮಾಡಿದರೆ ಒಬ್ಬರಿಗೊಬ್ಬರು ನೆರವಾಗಬೇಕಾಗಿತ್ತು. ಮರುವರ್ಷವೇ ಮರಾಠರು ಬಂದರು. ಇಂಗ್ಲಿಷರ ನೆರವು ಬರಲಿಲ್ಲ. 1771ರ ಮಾರ್ಚಿನಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆಗೆಯುತ್ತಿದ್ದ ಮೈಸೂರಿನ ಸೈನ್ಯವು ಚಿನಕುರಳಿಯ ಬಳಿ ತ್ರಿಂಬಕರಾವ್ ಪೇಠೆಯ ಮರಾಠಾ ಪಡೆಯಿಂದ ನುಚ್ಚುನೂರಾಯಿತು. ಇದು ಹೈದರಾಲಿಯ ಜೀವನದ ಅತಿ ದೊಡ್ಡ ಸೋಲು. ಅವನು ಕುದುರೆಯೇರಿ ರಾಜಧಾನಿಯನ್ನು ಸೇರಿಕೊಂಡನು. ಟಿಪ್ಪು ವೇಷ ಮರೆಸಿಕೊಂಡು ಬಂದನು. ಇಂಗ್ಲಿಷರ ಈ ಮಾತುತಪ್ಪುವಿಕೆಯನ್ನು ಹೈದರಾಲಿ ಕೊನೆಯವರೆಗೂ ಕ್ಷಮಿಸಲಿಲ್ಲ.

1779ರಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆ ಬಂದರನ್ನು ಹಿಡಿದುಕೊಂಡರು. ಅವನಿಗೆ ಯುದ್ಧಸಾಮಗ್ರಿ ಬರುತ್ತಿದ್ದ ದಾರಿ ಅದು. 1780ರ ಜುಲೈನಲ್ಲಿ ಹೈದರಾಲಿಯು ಮರಾಠರು ಮತ್ತು ನಿಜಾಮನೊಡನೆ ಒಪ್ಪಂದ ಮಾಡಿಕೊಂಡು, ಭಾರಿ ಸೈನ್ಯದೊಂದಿಗೆ ಘಟ್ಟವಿಳಿದು ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿದನು. ಆ ದಂಡಯಾತ್ರೆಯಲ್ಲಿ ಊರುಗಳು ಸುಟ್ಟು, ಕೆರೆ ಕಾಲುವೆಗಳು ಹಾಳಾಗಿ, ಜನ ಪಟ್ಟ ಪಾಡು ಸಣ್ಣದಲ್ಲ. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಟಿಪ್ಪು ಮತ್ತು ಹೈದರಾಲಿ ಸುತ್ತುವರಿದು ನಾಶ ಮಾಡಿದರು. ಮೈಸೂರಿನ ಕಬ್ಬಿಣದ ಕವಚದ ರಾಕೆಟ್ಟುಗಳು ಅಂದು ಬಳಕೆಯಾದವು. ಅನತಿ ದೂರದಲ್ಲಿದ್ದ ಹೆಕ್ಟರ್ ಮನ್ರೋ ಭಾರದ ಫಿರಂಗಿಗಳನ್ನು ಕೆರೆಗೆ ತಳ್ಳಿ ಮದರಾಸಿಗೆ ಹಿಮ್ಮೆಟ್ಟಿದನು. ಮರುವರ್ಷ ಜುಲೈ 1ರಂದು ಪೋರ್ಟೋ ನೋವೋದಲ್ಲಿ ಐರ್ ಕೂಟ್ ಹೈದರಾಲಿಯನ್ನು ಸೋಲಿಸಿದರೂ, ಕುದುರೆಪಡೆಯ ಕೊರತೆಯಿಂದ ಅವನನ್ನು ಬೆನ್ನಟ್ಟಲಾಗಲಿಲ್ಲ.

ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ಸೀಮೆ

ಮೈಸೂರಿನ ಪಶ್ಚಿಮದ ಈ ತಾಲ್ಲೂಕುಗಳಲ್ಲಿ ಹೈದರಾಲಿಯ ಕಾಲದ ನೆನಪುಗಳು ಯುದ್ಧಕ್ಕಿಂತ ಹೆಚ್ಚಾಗಿ ದನ, ಆನೆ ಮತ್ತು ಕೊಡಗಿನ ದಾರಿಗೆ ಸಂಬಂಧಿಸಿವೆ.

ಫಿರಂಗಿ ಎಳೆಯುತ್ತಿದ್ದ ಎತ್ತುಗಳು ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳ ಸಂತತಿ. ಟಿಪ್ಪು ಈ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟನು. ಬ್ರಿಟಿಷರ ಕಾಲದಲ್ಲಿ ಅದರ ಕೇಂದ್ರ ಹುಣಸೂರಿನಲ್ಲಿತ್ತು. 1781ರಲ್ಲಿ ಚಿದಂಬರಂ ಕೋಟೆಯ ರಕ್ಷಣೆಗೆ ಹೈದರಾಲಿಯು ಎರಡೂವರೆ ದಿನಗಳಲ್ಲಿ ಸುಮಾರು 100 ಮೈಲಿ ಸಾಗಿದ್ದಕ್ಕೂ, ಸೋತ ಪ್ರತಿ ಕಾಳಗದ ಬಳಿಕ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಸಾಗಿಸಿಕೊಂಡು ಹೋದದ್ದಕ್ಕೂ ಈ ಎತ್ತುಗಳೇ ಕಾರಣವೆಂದು ವಿಲ್ಕ್ಸ್ ಬರೆದಿದ್ದಾನೆ. ಹೈದರಾಲಿಯ ಯುದ್ಧಕೌಶಲವನ್ನು ಕುರಿತ ಬರಹಗಳಲ್ಲಿ ಕುದುರೆಗಳಿಗೆ ಸಿಕ್ಕಷ್ಟು ಜಾಗ ಎತ್ತುಗಳಿಗೆ ಸಿಕ್ಕಿಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡಿನಲ್ಲಿ ಹೈದರಾಲಿಯು ಖೆಡ್ಡಾ ಮಾಡಿ ಆನೆಗಳ ಹಿಂಡನ್ನೇ ಹಿಡಿಯಲು ಪ್ರಯತ್ನಿಸಿ ವಿಫಲನಾದನು. ಇನ್ನು ಯಾರಿಂದಲೂ ಇದು ಸಾಧ್ಯವಿಲ್ಲವೆಂದೂ, ಪ್ರಯತ್ನಿಸಿದವರಿಗೆ ಶಾಪ ತಟ್ಟಲೆಂದೂ ಅಲ್ಲಿ ಕಲ್ಲು ನೆಡಿಸಿದ್ದನೆಂದು ಜಿ. ಪಿ. ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ತಿಳಿಸುತ್ತಾನೆ. ಸುಮಾರು ನೂರು ವರ್ಷಗಳ ನಂತರ ಮೈಸೂರಿನಲ್ಲಿ ಖೆಡ್ಡಾವನ್ನು ಮೊದಲು ಯಶಸ್ವಿಗೊಳಿಸಿದವನು ಇದೇ ಸ್ಯಾಂಡರ್ಸನ್. ಬಳಿಕ ಕಾಕನಕೋಟೆಯೇ ಖೆಡ್ಡಾಗಳಿಗೆ ಹೆಸರಾಯಿತು. ಕೊನೆಯದು 1971ರಲ್ಲಿ ನಡೆಯಿತು.

ಪಿರಿಯಾಪಟ್ಟಣವು ಕೊಡಗಿನ ಬಾಗಿಲು. 1770ರ ದಶಕದಲ್ಲಿ ಹಾಲೇರಿ ಮನೆತನದೊಳಗಿನ ಉತ್ತರಾಧಿಕಾರದ ಜಗಳವನ್ನು ಬಳಸಿಕೊಂಡು ಹೈದರಾಲಿಯು ಕೊಡಗಿನ ಮೇಲೆ ಹಿಡಿತ ಸಾಧಿಸಿದನು. 1780ರಲ್ಲಿ ಲಿಂಗರಾಜನು ತೀರಿಕೊಂಡಾಗ, ಮಕ್ಕಳು ಚಿಕ್ಕವರೆಂಬ ನೆಪದಿಂದ ಕೊಡಗನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡು, ರಾಜಕುಮಾರರನ್ನು ಗೊರೂರಿನ ಕೋಟೆಗೆ ಕಳುಹಿಸಿದನು. 1782ರಲ್ಲಿ ಕೊಡವರು ದಂಗೆಯೆದ್ದರು. ಟಿಪ್ಪುವಿನ ಕಾಲದಲ್ಲಿ ರಾಜಕುಟುಂಬವನ್ನು ಪಿರಿಯಾಪಟ್ಟಣದ ಕೋಟೆಗೆ ಸಾಗಿಸಲಾಯಿತು. 1788ರಲ್ಲಿ ದೊಡ್ಡ ವೀರರಾಜೇಂದ್ರನು ಅಲ್ಲಿಂದ ತಪ್ಪಿಸಿಕೊಂಡು ಕೊಡಗನ್ನು ಮರಳಿ ಪಡೆದನು. ಹೈದರಾಲಿ ಆರಂಭಿಸಿದ ಈ ವೈರ ಮಗನ ಕಾಲಕ್ಕೆ ಫಲ ಕೊಟ್ಟಿತು. ಮುಂದೆ ಇಂಗ್ಲಿಷರ ಸೈನ್ಯ ಮಲಬಾರಿನಿಂದ ಶ್ರೀರಂಗಪಟ್ಟಣದತ್ತ ಬಂದದ್ದು ಕೊಡಗಿನ ಮೂಲಕವೇ.

ಮರಣ

ಬೆನ್ನಿನ ಮೇಲೆ ಎದ್ದ ಹುಣ್ಣಿನಿಂದ ನರಳುತ್ತಿದ್ದ ಹೈದರಾಲಿಯು 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ನಿಧನನಾದನು. ಟಿಪ್ಪು ಆಗ ಮಲಬಾರಿನಲ್ಲಿದ್ದನು. ಸೈನ್ಯ ಚದುರದಂತೆ ನೋಡಿಕೊಳ್ಳಲು ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಅಧಿಕಾರಿಗಳು ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಶವವನ್ನು ಬೆಲೆಬಾಳುವ ವಸ್ತುಗಳ ಪೆಟ್ಟಿಗೆಯಂತೆ ಕೋಲಾರಕ್ಕೆ ಸಾಗಿಸಿ, ತಂದೆಯ ಸಮಾಧಿಯ ಬಳಿ ಇರಿಸಲಾಯಿತು. ಅನಂತರ ಅದನ್ನು ಶ್ರೀರಂಗಪಟ್ಟಣದ ಗುಂಬಜ್‌ಗೆ ತರಲಾಯಿತು.

ಭಾವಚಿತ್ರಗಳ ಪ್ರಶ್ನೆ

ಹೈದರಾಲಿಯ ರೂಪವನ್ನು ವಿವರವಾಗಿ ದಾಖಲಿಸಿದವರಲ್ಲಿ ಮುಖ್ಯನಾದವನು ಅವನ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಫ್ರೆಂಚ್ ಅಧಿಕಾರಿ ಮೇತ್ರ್ ದ ಲಾ ತೂರ್. ಅವನ ಪ್ರಕಾರ ಹೈದರಾಲಿಯದು ಸಾಧಾರಣ ಎತ್ತರದ, ಸ್ಥೂಲವಾದರೂ ಚುರುಕಾದ ದೇಹ. ಕಪ್ಪು ಮೈಬಣ್ಣ, ಒರಟು ಮುಖಲಕ್ಷಣ, ತುದಿ ಮೇಲಕ್ಕೆದ್ದ ಚಿಕ್ಕ ಮೂಗು, ದಪ್ಪ ಕೆಳದುಟಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಾಲದ ಸರದಾರರ ರೂಢಿಗೆ ವಿರುದ್ಧವಾಗಿ ಅವನು ಗಡ್ಡವನ್ನಾಗಲಿ ಮೀಸೆಯನ್ನಾಗಲಿ ಬಿಟ್ಟಿರಲಿಲ್ಲ. ಹುಬ್ಬನ್ನೂ ಬೋಳಿಸುತ್ತಿದ್ದನೆಂದು ವಿಲ್ಕ್ಸ್ ಹೇಳುತ್ತಾನೆ. ದಂಡಿನಲ್ಲಿರುವಾಗ ಚಿನ್ನದ ಹೂಗಳ ಬಿಳಿ ಸ್ಯಾಟಿನ್ ಅಂಗಿ, ಹಳದಿ ಮಖಮಲ್ಲಿನ ಬೂಟು, ಕೆಂಪು ರುಮಾಲು ಅವನ ಉಡುಪಾಗಿತ್ತು.

ಈ ವರ್ಣನೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಗಡ್ಡಮೀಸೆಯ ಯೋಧನನ್ನು ತೋರಿಸುವ ಯುರೋಪಿನ ಅಚ್ಚುಚಿತ್ರಗಳು ಅವನ ನಿಜವಾದ ಹೋಲಿಕೆಯಾಗಿರಲು ಸಾಧ್ಯವಿಲ್ಲ. ಇವುಗಳಲ್ಲಿ ಹೆಚ್ಚು ಹರಡಿರುವ ಒಂದು ಫ್ರೆಂಚ್ ಚಿತ್ರದ ಶೀರ್ಷಿಕೆಯು ಅವನನ್ನು ಇಂಗ್ಲಿಷರ ವಿರುದ್ಧದ ಯುದ್ಧದಲ್ಲಿ ಸೈನ್ಯದ ಮುಂದೆ ನಿಂತ ಮರಾಠರ ಮಹಾದಂಡನಾಯಕನೆಂದು ಕರೆಯುತ್ತದೆ. ಚಿತ್ರಕ್ಕೆ 1762 ಎಂಬ ವರ್ಷವನ್ನು ಹೇಳಲಾಗುತ್ತದೆ. ಎರಡೂ ಹೊಂದುವುದಿಲ್ಲ. ಹೈದರಾಲಿಯು ಎಂದೂ ಮರಾಠರ ದಂಡನಾಯಕನಾಗಿರಲಿಲ್ಲ. ಜೀವನದ ಬಹುಭಾಗವನ್ನು ಅವರೊಡನೆ ಹೋರಾಡುವುದರಲ್ಲೇ ಕಳೆದನು. 1762ರಲ್ಲಿ ಇಂಗ್ಲಿಷರೊಡನೆ ಅವನಿಗೆ ಯುದ್ಧವೇ ಇರಲಿಲ್ಲ. 1780ರ ಮೈತ್ರಿಕೂಟದ ಸುದ್ದಿ ಯುರೋಪಿಗೆ ತಲುಪಿದ ಮೇಲೆ, ಪ್ಯಾರಿಸಿನ ಮುದ್ರಕರು ಮೈಸೂರು ಮತ್ತು ಮರಾಠರನ್ನು ಒಂದೇ ಎಂದು ತಿಳಿದು ಬೇರಾವುದೋ ಪೌರ್ವಾತ್ಯ ಯೋಧನ ಚಿತ್ರಕ್ಕೆ ಈ ಹೆಸರನ್ನು ಅಂಟಿಸಿರುವ ಸಂಭವ ಹೆಚ್ಚು. ಅಮೆರಿಕದ ಸ್ವಾತಂತ್ರ್ಯ ಸಮರದ ಆ ವರ್ಷಗಳಲ್ಲಿ ಇಂಗ್ಲಿಷರನ್ನು ಸೋಲಿಸಿದ ಯಾರ ಚಿತ್ರಕ್ಕೂ ಫ್ರಾನ್ಸಿನಲ್ಲಿ ಕೊಳ್ಳುವವರಿದ್ದರು.

1790ರ ದಶಕದ ಉಕ್ಕಿನ ಫಲಕದ ಕೆತ್ತನೆ ಎಂಬ ವಿವರಣೆಯೊಂದಿಗೆ ಪ್ರಚಾರದಲ್ಲಿರುವ ಇನ್ನೊಂದು ಬಣ್ಣದ ಚಿತ್ರದ ಕಾಲವೂ ಸಂಶಯಾಸ್ಪದ. ಪುಸ್ತಕಚಿತ್ರಗಳಿಗೆ ಉಕ್ಕಿನ ಫಲಕಗಳು ಸಾಮಾನ್ಯವಾಗಿ ಬಳಕೆಗೆ ಬಂದದ್ದು 1820ರ ದಶಕದಲ್ಲಿ. ಬಣ್ಣವಂತೂ ಇತ್ತೀಚಿನದು. 1782ರಲ್ಲಿ ಕಡಲೂರಿನಲ್ಲಿ ಹೈದರಾಲಿಯು ಫ್ರೆಂಚ್ ನೌಕಾಧಿಪತಿ ಸುಫ್ರೆನ್‌ನನ್ನು ಭೇಟಿಯಾದ ದೃಶ್ಯವನ್ನು ಜೆ. ಬಿ. ಮೊರೆ 1789ರಲ್ಲಿ ಕೆತ್ತಿದ್ದಾನೆ. ಭೇಟಿ ನಡೆದದ್ದು ನಿಜ. ಚಿತ್ರ ಸಿದ್ಧವಾದದ್ದು ಹೈದರಾಲಿ ತೀರಿಕೊಂಡ ಏಳು ವರ್ಷಗಳ ಮೇಲೆ.

ಈ ಗೊಂದಲ ಮಗನ ವಿಷಯದಲ್ಲಿ ಇನ್ನೂ ಮುಂದಕ್ಕೆ ಹೋಗಿದೆ. ಟಿಪ್ಪುವಿನ ನಿಜವಾದ ಛಾಯಾಚಿತ್ರವೆಂದು ಹಂಚಿಕೆಯಾಗುವ ಚಿತ್ರವು ಪೂರ್ವ ಆಫ್ರಿಕದ ವ್ಯಾಪಾರಿಯೊಬ್ಬನದು. ಟಿಪ್ಪು ಮಡಿದದ್ದು 1799ರಲ್ಲಿ. ಛಾಯಾಗ್ರಹಣ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ.

ಹೈದರಾಲಿಯ ರೂಪಕ್ಕೆ ಹೆಚ್ಚು ಹತ್ತಿರವಾದ ಚಿತ್ರವಿರುವುದು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಕಟ್ಟಡದ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಕಾಳಗ ಹಾಗೂ ತಂದೆ ಮಗನ ಸೇನಾ ಮೆರವಣಿಗೆಗಳ ಭಿತ್ತಿಚಿತ್ರಗಳಿವೆ. ಅದರಲ್ಲಿ ಟಿಪ್ಪುವಿಗೆ ಮೀಸೆಯಿದೆ; ಹೈದರಾಲಿಯ ಮುಖ ನುಣ್ಣಗೆ ಬೋಳಿಸಿದ್ದು, ಲಾ ತೂರ್ ಮತ್ತು ವಿಲ್ಕ್ಸ್ ಹೇಳಿದ ಮಾತಿಗೆ ಸರಿಹೊಂದುತ್ತದೆ. ಬರೆಸಿದವನು ಸ್ವಂತ ಮಗ. ತಂದೆಯನ್ನು ಕಂಡಿದ್ದ ನೂರಾರು ಸರದಾರರು ಅದನ್ನು ನೋಡುವವರಿದ್ದರು. ಆದರೆ ಗೋಡೆಯ ಮೇಲೆ ಇಂದು ಕಾಣುವುದೆಲ್ಲ ಮೂಲ ಕುಂಚದ ಕೆಲಸವಲ್ಲ. 1799ರ ನಂತರ ಇಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ಸರಿಪಡಿಸಿದನು. ಮತ್ತೆ ಅವು ಹಾಳಾಗಿ ಸುಣ್ಣ ಬಳಿಯಲ್ಪಟ್ಟವು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ, ಹಳೆಯ ಚಿತ್ರಗಳನ್ನು ನೆನಪಿಟ್ಟಿದ್ದ ಸ್ಥಳೀಯ ಚಿತ್ರಕಾರನೊಬ್ಬನಿಂದ ಅವನ್ನು ಪುನಃ ಬರೆಸಲಾಯಿತು. ಅರಮನೆಯು ಈಗ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ವಸ್ತುಸಂಗ್ರಹಾಲಯವಾಗಿದ್ದು, ಸಾರ್ವಜನಿಕರಿಗೆ ತೆರೆದಿದೆ.